ಹೊಳೆಗೆ ಬೀಳದ ಹೊಲಿಗೆ ಯಂತ್ರ

ಮಹಾನ್ ಚಿತ್ರವೊಂದನ್ನು ಹೊಗಳಬೇಕಾದರೆ ಅದನ್ನು ನೋಡಿರಲೇಬೇಕು ಎಂದು ಬಹಳ ಜನ ತಿಳಿದಿದ್ದಾರೆ. ನನ್ನ ಅನುಭವದಲ್ಲಿ ಹಾಗೇನೂ ಇಲ್ಲ. ಚಿತ್ರದ ಹೆಸರು ಕಿವಿಗೆ ಬಿದ್ದ ಕೂಡಲೇ ಮಾತು ನಿಲ್ಲಿಸಬೇಕು. ಎದುರಿಗಿದ್ದವರ ತಲೆಯಿಂದ ಒಂದು ಗೇಣು ಮೇಲಕ್ಕೆ ದೃಷ್ಟಿ ನೆಡಬೇಕು. ಆಮೇಲೆ ಸಣ್ಣಗೆ ಉಸಿರು ಬಿಟ್ಟು, ‘ಅದರ ಮಾತು ಬಿಡಿ, ಅದು ಬೇರೆಯೇ’ ಎನ್ನಬೇಕು. ಇಷ್ಟಾದರೆ ಸಾಕು, ಎದುರಿನವರು ತಾವು ಅದನ್ನು ನೋಡಿಲ್ಲ ಎಂಬ ನಾಚಿಕೆಯಲ್ಲಿ ನೀವು ನೋಡಿದ್ದೀರಾ ಎಂದು ಕೇಳುವುದನ್ನೇ ಮರೆತುಬಿಡುತ್ತಾರೆ. ಇಪ್ಪತ್ತೆರಡು ವರ್ಷ ನಾನು ಈ ವಿದ್ಯೆಯಿಂದಲೇ ಮಸ್ಕಿಯಲ್ಲಿ ಸಿನಿಮಾ ಪಂಡಿತನೆನಿಸಿಕೊಂಡಿದ್ದೆ. ಪಗಾರ ಮಾತ್ರ ಹೈಸ್ಕೂಲಿನ ಕನ್ನಡ ಮಾಸ್ತರಿಕೆಯದು.

ನನ್ನ ಪಾಂಡಿತ್ಯವೆಲ್ಲ ನಿಂತಿದ್ದದ್ದು ಒಂದೇ ಒಂದು ಚಿತ್ರದ ಮೇಲೆ. ಲಿಂಗಸುಗೂರಿನಲ್ಲಿ ಕಾಲೇಜು ಓದುವಾಗ, ಒಂದು ಮಧ್ಯಾಹ್ನ, ಊಟವಾದ ಮೇಲೆ, ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿ ಕತ್ತಲು ಮಾಡಿದ ಒಂದು ಕೋಣೆಯಲ್ಲಿ ಅದನ್ನು ನಮಗೆ ತೋರಿಸಿದರು. ಕಪ್ಪು ಬಿಳುಪಿನ, ದೊಡ್ಡ ಪ್ರಶಸ್ತಿ ಬಂದ ಚಿತ್ರ. ಒಬ್ಬ ಮುದುಕ ದರ್ಜಿ ತನ್ನ ಹೊಲಿಗೆ ಯಂತ್ರವನ್ನು ತಲೆಯ ಮೇಲೆ ಹೊತ್ತು ದೂರದ ಊರಿನಲ್ಲಿರುವ ಮಗಳಿಗೆ ಕೊಡಲು ಹೊರಡುತ್ತಾನೆ. ಹೊರಟವನು ನಡೆಯುತ್ತಾನೆ. ಹತ್ತು ನಿಮಿಷ ನಾನು ಅವನ ಜೊತೆ ನಡೆದೆ. ಆಮೇಲೆ ಅವನು ಮುಂದೆ ಹೋದ, ನಾನು ಗೋಡೆಗೆ ಒರಗಿದೆ. ನಡುವೆ ಒಮ್ಮೆ ಎಚ್ಚರವಾದಾಗ ಅವನು ತುಂಬಿದ ಹೊಳೆಯ ದಂಡೆಯಲ್ಲಿ ಯಂತ್ರವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತಿದ್ದ. ಇನ್ನೊಮ್ಮೆ ಎಚ್ಚರವಾದಾಗ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು, ನಮ್ಮ ಮೇಷ್ಟ್ರು ಕನ್ನಡಕ ಒರೆಸಿಕೊಳ್ಳುತ್ತ ‘ಎಂಥ ತ್ಯಾಗ!’ ಎನ್ನುತ್ತಿದ್ದರು. ತುಂಬಿದ ಹೊಳೆ, ಎತ್ತಿದ ಯಂತ್ರ, ತ್ಯಾಗ. ಮೂರನ್ನೂ ಕೂಡಿಸಿ ನೋಡಿದರೆ ಮುದುಕ ಯಂತ್ರವನ್ನು ಹೊಳೆಗೆ ಎಸೆದಿರಬೇಕು, ಬೇರೆ ದಾರಿಯೇ ಇರಲಿಲ್ಲ. ಅಂದಿನಿಂದ ನಾನು ಹೇಳುವ ಕತೆಯಲ್ಲಿ ಅವನಿಂದ ಯಂತ್ರ ಎಸೆಯಿಸುತ್ತ ಬಂದೆ. ಮೊದಲ ವರ್ಷ ಸುಮ್ಮನೆ ಎಸೆಯುತ್ತಿದ್ದ. ಐದಾರು ವರ್ಷ ಕಳೆಯುವಷ್ಟರಲ್ಲಿ ‘ಧುಡುಂ’ ಎಂಬ ಶಬ್ದ ಸೇರಿಕೊಂಡಿತು. ಆಮೇಲೆ ಅವನು ಹಿಂತಿರುಗಿ ನೋಡದೆ ನಡೆದುಹೋಗತೊಡಗಿದ. ಕೊನೆಕೊನೆಗೆ ಹಿನ್ನೆಲೆಯಲ್ಲಿ ಒಂದು ಹಕ್ಕಿಯೂ ಕೂಗತೊಡಗಿತು.

ಈ ಕತೆಯನ್ನು ನಾನು ಅತಿ ಹೆಚ್ಚು ಸಲ ಹೇಳಿದ್ದು ಖಾಜಾಸಾಬರ ಹಿಟ್ಟಿನ ಗಿರಣಿಯ ಮುಂದಿನ ಕಟ್ಟೆಯ ಮೇಲೆ. ಖಾಜಾಸಾಬ್ ನನಗಿಂತ ಹದಿಮೂರು ವರ್ಷ ಹಿರಿಯರು. ಹಿಂದೆ ಸಿಂಧನೂರಿನ ಒಂದು ಟಾಕೀಸಿನಲ್ಲಿ ಹದಿನೆಂಟು ವರ್ಷ ಪ್ರೊಜೆಕ್ಟರ್ ನಡೆಸಿದವರು. ಟಾಕೀಸು ಮುಚ್ಚಿದ ಮೇಲೆ ಹೆಂಡತಿಯ ಊರಾದ ಮಸ್ಕಿಗೆ ಬಂದು ಗಿರಣಿ ಹಾಕಿದರು. ಶಾಲೆ ಬಿಟ್ಟ ಮೇಲೆ ನಾನು, ತಾಲೂಕು ಕಚೇರಿಯಲ್ಲಿ ಭೂಮಾಪಕನಾಗಿರುವ ಗೆಳೆಯ ಮಿಲಿಂದ, ಇಬ್ಬರೂ ಅಲ್ಲಿ ಸೇರುತ್ತೇವೆ. ಮಿಲಿಂದ ಪಾಮನಕಲ್ಲೂರಿನವನು, ನನ್ನ ವಯಸ್ಸಿನವನೇ, ಪ್ರಶಸ್ತಿ ಬಂದ ಚಿತ್ರಗಳ ಹುಟ್ಟು ವಿರೋಧಿ. ಜೋಳ ಬೀಸುವ ಸಪ್ಪಳದಲ್ಲಿ ಪಿಸುಮಾತು ಸಾಧ್ಯವಿಲ್ಲವಾದ್ದರಿಂದ ನಮ್ಮ ಕಲಾ ವಿಮರ್ಶೆಯೆಲ್ಲ ಕೂಗಾಟದಲ್ಲೇ ನಡೆಯುತ್ತದೆ.

“ಲೇ ಮಾಸ್ತರ, ಕ್ಲಾಸಿಕ್ ಅಂದ್ರ ಏನ್ ಹೇಳು? ಒಬ್ಬರಿಗೂ ತಿಳಿಬಾರದು, ಆದ್ರ ಎಲ್ಲಾರೂ ತಿಳಿದಂಗ ತಲಿ ಅಲ್ಲಾಡಿಸಬೇಕು. ಇಷ್ಟ ಹೌದಲ್ಲ?” ಎಂದು ಮಿಲಿಂದ ಕೂಗುತ್ತಿದ್ದ.

“ನೋಡೋ ಕಣ್ಣು ಬೇಕಪಾ ಅದಕ್ಕ!” ಎಂದು ನಾನು ಕೂಗುತ್ತಿದ್ದೆ.

“ಕಣ್ಣು ಐತಿ, ಅದು ಮುಚ್ಚಾಕತ್ತೈತಿ! ಆ ನಿನ್ನ ಮುದುಕ ಎರಡು ತಾಸು ನಡದಾನಂತಲ್ಲ, ಸರಪಳಿ ಹಿಡಿದು ಅಳದ್ರ ಪಾಮನಕಲ್ಲೂರಿಂದ ಮಸ್ಕಿ ಮುಟ್ಟತಿದ್ದ. ನಾವು ಸಣ್ಣವರಿದ್ದಾಗ ದಿನಾ ನಡದೀವಿ, ನಮಗ್ಯಾರು ಪ್ರಶಸ್ತಿ ಕೊಟ್ರು?”

ಖಾಜಾಸಾಬ್ ಹುಬ್ಬಿನ ಮೇಲೆಲ್ಲ ಹಿಟ್ಟು ಕೂತ ಮುಖದಲ್ಲಿ ನಗುತ್ತ, “ಜಗಳ ಆಡ್ರಿ, ಆದ್ರ ಸಣ್ಣ ದನಿಲೆ ಆಡಬ್ಯಾಡ್ರಿ. ನನಗ ಕೇಳಸಂಗಿಲ್ಲ” ಎನ್ನುತ್ತಿದ್ದರು. ಅವರು ಯಾವ ಪಕ್ಷಕ್ಕೂ ಸೇರಿದವರಲ್ಲ ಎಂದೇ ನಾನು ತಿಳಿದಿದ್ದೆ.

ಒಂದು ದಿನ ನಾನು ಹೊಳೆಯ ದೃಶ್ಯವನ್ನು ಹಕ್ಕಿಯ ಸಮೇತ ವರ್ಣಿಸಿ ಮುಗಿಸಿದಾಗ ಅವರು, “ಮಾಸ್ತರ, ಆ ಹೊಳಿ ಸೀನು ಐತಲ್ರೀ...” ಎಂದು ಏನನ್ನೋ ಶುರುಮಾಡಿದರು. ಪಂಡಿತರಿಗೆ ನಡುವೆ ಬಾಯಿ ಹಾಕುವವರನ್ನು ಕಂಡರೆ ಆಗುವುದಿಲ್ಲ. “ಖಾಜಾಸಾಬ್ರ, ರೀಲು ಸುತ್ತೋದು ಬ್ಯಾರೆ, ಸಿನಿಮಾ ತಿಳಿಯೋದು ಬ್ಯಾರೆ!” ಎಂದು ಕೂಗಿಬಿಟ್ಟೆ. ನನ್ನ ದುರದೃಷ್ಟಕ್ಕೆ ಅದೇ ಕ್ಷಣ ಗಿರಣಿಯ ಬೆಲ್ಟು ಜಾರಿ ಸಪ್ಪಳ ನಿಂತಿತ್ತು. ನನ್ನ ಮಾತು ಇಡೀ ಓಣಿಗೆ ಕೇಳಿಸಿತು. ಡಬ್ಬಿ ಹಿಡಿದು ಸಾಲಿನಲ್ಲಿ ನಿಂತಿದ್ದ ಹೆಣ್ಣುಮಕ್ಕಳು ಖಾಜಾಸಾಬರ ಮುಖ ನೋಡಿದರು. ಅವರು ಕೈಗೆ ಮೆತ್ತಿದ ಹಿಟ್ಟು ಝಾಡಿಸಿಕೊಂಡು, “ಅದೂ ಖರೇನ ಬಿಡ್ರಿ” ಎಂದು ನಕ್ಕು ಬೆಲ್ಟು ಏರಿಸಲು ಬಗ್ಗಿದರು.

ನಾನು ನನ್ನ ವಾಕ್ಯದ ಪ್ರಾಸಕ್ಕೆ ನಾನೇ ಮೆಚ್ಚಿ ಮನೆಗೆ ಬಂದೆ. ಹೆಂಡತಿ ಶಾಂತಾಳಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಅವರು ಹದಿನೆಂಟು ವರ್ಷ ಮಂದಿಗೆ ಪಿಚ್ಚರ್ ತೋರಿಸ್ಯಾರ. ನೀವು ಏನ್ ತೋರಿಸೀರಿ?” ಎಂದಳು. ಮರುದಿನ ಕ್ಷಮೆ ಕೇಳಬೇಕೆಂದು ಹೋದವನು, ಅವರು ಎಂದಿನಂತೆ ಚಹಾ ತರಿಸಿದ್ದನ್ನು ನೋಡಿ, ಅವರಿಗೆ ಮರೆತೇ ಹೋಗಿದೆ ಎಂದು ಸಮಾಧಾನ ಮಾಡಿಕೊಂಡು ಚಹಾ ಕುಡಿದು ಬಂದೆ.

ಇಷ್ಟಕ್ಕೇ ನಿಂತಿದ್ದರೆ ನನ್ನ ಹಕ್ಕಿ ಇನ್ನೂ ಕೂಗುತ್ತಿರುತ್ತಿತ್ತು. ಆದರೆ ಲಿಂಗಸುಗೂರಿನಲ್ಲಿ ಉಪನ್ಯಾಸಕನಾಗಿರುವ ನನ್ನ ಹಳೆಯ ಗೆಳೆಯ ವೀರೇಶ ಫೋನು ಮಾಡಿದ. ನಾವು ನಾಲ್ಕು ಜನ ಸೇರಿ ಒಳ್ಳೆಯ ಚಿತ್ರಗಳ ಬಗ್ಗೆ ಮಾತಾಡುವ ಬಳಗ ಕಟ್ಟಿದ್ದೇವೆ, ‘ಮಹಾನ್ ಚಿತ್ರಗಳು ಯಾಕೆ ಮಹಾನ್’ ಎಂಬ ವಿಷಯದ ಮೇಲೆ ಮೊದಲ ಮಾತು ನಿನ್ನದೇ, ಆ ದರ್ಜಿಯ ಚಿತ್ರದ ಬಗ್ಗೆ ಹೇಳಲೇಬೇಕು ಎಂದ. ನಾನು ಒಂದು ಸಲವೂ ಬೇಡ ಎನ್ನದೆ ಒಪ್ಪಿಕೊಂಡೆ. ಆ ಸುದ್ದಿಯನ್ನು ಗಿರಣಿಯ ಮುಂದೆ ಸಾರಿದಾಗ ಮಿಲಿಂದ ಕಿಸೆಯಿಂದ ಫೋನು ತೆಗೆದು, “ಈಗ ಎಲ್ಲಾ ಹಳೇ ಪಿಚ್ಚರ್ ಇದರಾಗ ಸಿಗತಾವು. ನಿನ್ನ ಮುದುಕನೂ ಸಿಕ್ಕಾನ ನೋಡು. ಬರೋ ಐತವಾರ ನಿಮ್ಮ ಮನಿ ಟಿವಿಗೆ ಹಾಕೋಣು. ಪೂರಾ ನೋಡ್ತೀನಿ. ಅದು ಮಹಾನ್ ಅನಿಸಿದ್ರ ನಾ ಸೋತೆ. ಅನಿಸಲಿಲ್ಲಂದ್ರ ಲಿಂಗಸುಗೂರಿನಾಗ ನೀ ಎದ್ದು ನಿಂತು, ಪ್ರಶಸ್ತಿ ಪಿಚ್ಚರ್ ಅಂದ್ರ ನಿದ್ದಿ ಗುಳಿಗಿ ಅಂತ ಹೇಳಬೇಕು” ಎಂದ. ನಾನು ಕೂಡಲೇ ಕೈ ಚಾಚಿದೆ. ನನಗೆ ಒಂದಿಷ್ಟೂ ಅಂಜಿಕೆಯಿರಲಿಲ್ಲ. ಅಷ್ಟು ಸಲ ಹೇಳಿದ ಮೇಲೆ ಯಂತ್ರ ಹೊಳೆಗೆ ಬಿದ್ದದ್ದನ್ನು ನಾನು ನನ್ನ ಕಣ್ಣಾರೆ ಕಂಡಿದ್ದೆ.

ಶನಿವಾರ ಮಧ್ಯಾಹ್ನ ಶಾಲೆ ಬಿಡುವ ಹೊತ್ತಿಗೆ ಖಾಜಾಸಾಬ್ ಗೇಟಿನ ಹತ್ತಿರ ನಿಂತಿದ್ದರು. ಗಿರಣಿ ಬಿಟ್ಟು ಅವರು ಶಾಲೆಗೆ ಬಂದದ್ದು ಅದೇ ಮೊದಲು. “ಮಾಸ್ತರ, ಗಿರಣಿಗೆ ಹೊಸಾ ಬೆಲ್ಟು ತರಾಕ ಸಿಂಧನೂರಿಗೆ ಹೊಂಟೀನಿ. ಜತಿಗೆ ಬರ್ರಿ” ಎಂದರು. ಒಂದು ಬೆಲ್ಟು ತರಲು ಇಬ್ಬರು ಯಾಕೆ ಎಂದು ಕೇಳಿದೆ. “ಬರ್ರಿ, ಒಂದೀಟು ಮಾತಾಡೋದೈತಿ” ಎಂದರು. ಅವಮಾನದ ಬಾಕಿಯನ್ನು ಈಗ ತೀರಿಸುತ್ತಾರೆಂದು ಅಂಜಿಕೆಯಾಯಿತು. ಆದರೂ ಬಸ್ಸು ಹತ್ತಿದೆ.

ಬಸ್ಸು ಮಸ್ಕಿ ದಾಟಿದ ಮೇಲೆ ಅವರು ನನ್ನ ಕಡೆ ಬಗ್ಗಿದರು. ಗುಟ್ಟು ಹೇಳುವ ಉದ್ದೇಶವೇನೋ ಇತ್ತು. ಆದರೆ ಗಿರಣಿಯ ಸಪ್ಪಳದಲ್ಲಿ ವರ್ಷಗಟ್ಟಲೆ ಮಾತಾಡಿದ ಗಂಟಲಿಗೆ ಗುಟ್ಟಿನ ದನಿ ಉಳಿದಿರಲಿಲ್ಲ. “ಮಾಸ್ತರ! ಆ ಮುದುಕ ಮಷೀನ್ ಒಗಿಯಂಗಿಲ್ರೀ!” ಎಂದರು. ಡ್ರೈವರ್ ಸಹ ಕನ್ನಡಿಯಲ್ಲಿ ನಮ್ಮನ್ನು ನೋಡಿದ. ನಮ್ಮ ಕಡೆ ಒಗೆಯುವುದೆಂದರೆ ಎಸೆಯುವುದೂ ಹೌದು, ಬಟ್ಟೆ ತೊಳೆಯುವುದೂ ಹೌದು.

ನಮ್ಮ ಮುಂದಿನ ಸೀಟಿನಲ್ಲಿ ಮಡಿಲಲ್ಲಿ ಬುಟ್ಟಿ ಇಟ್ಟುಕೊಂಡಿದ್ದ ಹೆಣ್ಣುಮಗಳೊಬ್ಬಳು ತಿರುಗಿದಳು. “ಯಾಕ್ರೀ ಒಗಿಯಂಗಿಲ್ಲ? ನಮ್ಮ ಅಕ್ಕನ ಮನ್ಯಾಗೂ ಒಗಿಯೋ ಮಷೀನು ಹಿಂಗ ಮಾಡಿತ್ತು. ಒಳಗ ಕಾಲುಚೀಲ ಸಿಕ್ಕಿರತೈತಿ, ತಗಸ್ರಿ” ಎಂದಳು.

“ಬಟ್ಟಿ ಒಗಿಯೋದಲ್ಲವ್ವ, ಹೊಲಿಯೋದು,” ಎಂದರು ಖಾಜಾಸಾಬ್.

“ಹೊಲಿಯೋ ಮಷೀನು ಹೆಂಗ ಒಗಿತೈತ್ರೀ?”

ಇನ್ನು ವಿವರಿಸದೆ ದಾರಿಯಿರಲಿಲ್ಲ. ಖಾಜಾಸಾಬ್ ಚಿತ್ರವನ್ನು ಮೊದಲಿನಿಂದ ಹೇಳತೊಡಗಿದರು. ನನಗೆ ಹೇಳಬೇಕಾದದ್ದು, ಅವಳಿಗೆ ಹೇಳುವಂತೆ. ಮುದುಕನ ಕಣ್ಣು ಮಂದವಾಗಿ ಸೂಜಿಗೆ ದಾರ ಪೋಣಿಸಲು ಆಗದಂತಾದದ್ದು, ‘ಇದು ನಿನಗಿರಲಿ’ ಎಂದು ಮಗಳಿಗೆ ಕೊಡಲು ಹೊರಟದ್ದು, ದಾರಿಯಲ್ಲಿ ಗಾಡಿಯವನೊಬ್ಬ ಹತ್ತಿಸಿಕೊಂಡು ಅರ್ಧ ದಾರಿಗೆ ಇಳಿಸಿ ಹೋದದ್ದು, ಹೊಳೆಯ ದಂಡೆಯಲ್ಲಿ ನಿಂತು, ಯಂತ್ರವನ್ನು ನೀರಿಗಿಂತ ಎತ್ತರಕ್ಕೆ ಹಿಡಿದು ಎದೆಮಟ್ಟದ ನೀರಿನಲ್ಲಿ ದಾಟಿದ್ದು. “ಒಗದಿಲ್ಲವ್ವ. ದಾಟ್ಯಾನ” ಎಂದು ನನ್ನ ಮುಖ ನೋಡದೆ ಹೇಳಿದರು. ಮಗಳ ಮನೆ ಮುಟ್ಟಿ, ಅವಳು ಕೂತು ಹಿಡಿ ತಿರುಗಿಸಿದರೆ ಯಂತ್ರ ಓಡುವುದಿಲ್ಲ. ಅಷ್ಟು ದಾರಿಯ ಮಣ್ಣು, ಮರಳು ಒಳಗೆ ಸೇರಿದೆ. ಮುದುಕ ಒಂದೊಂದೇ ಬಿಡಿಭಾಗ ಬಿಚ್ಚಿ ಧೋತರದ ಚುಂಗಿನಿಂದ ಒರೆಸುತ್ತಾನೆ. ಎಣ್ಣೆ ಬಿಡುತ್ತಾನೆ. ಕೊನೆಗೆ ಪರದೆಯ ಮೇಲೆ ಏನೂ ಇರುವುದಿಲ್ಲ, ಯಂತ್ರ ಓಡುವ ಸಪ್ಪಳ ಮಾತ್ರ.

ಕಾಲುವೆ ನೀರಿನ ಭತ್ತದ ಗದ್ದೆಗಳು ಶುರುವಾದದ್ದು ನನಗೆ ಗೊತ್ತೇ ಆಗಲಿಲ್ಲ. ಬುಟ್ಟಿಯ ಹೆಣ್ಣುಮಗಳು ಸೆರಗಿನಿಂದ ಮೂಗು ಒರೆಸಿಕೊಂಡು ಹೊರಗೆ ನೋಡಿ, “ಅಯ್ಯ! ಬಳಗಾನೂರಿಗೆ ಹೋಗಾಕ ನಾ ಹಿಂದ ಇಳಿಬೇಕಿತ್ತಲ್ರೀ!” ಎಂದು ಎದ್ದಳು. ಕಂಡಕ್ಟರ್ ಬೈಯಲಿಲ್ಲ. ಅವನೂ ಸೀಟಿ ಊದುವುದನ್ನು ಮರೆತು ನಿಂತಿದ್ದ.

ಸಿಂಧನೂರಿನಲ್ಲಿ ಬೆಲ್ಟು ಕೊಂಡು ಚಹಾ ಅಂಗಡಿಯಲ್ಲಿ ಕೂತಾಗ ನಾನು ನೆಲ ನೋಡುತ್ತಿದ್ದೆ. “ಅವತ್ತು ಇದನ್ನ ಹೇಳಾಕ ಬಂದಿದ್ರೇನು?” ಎಂದು ಕೇಳಿದೆ. ಅವರು ಚಹಾದ ಕಪ್ಪನ್ನು ನನ್ನ ಕಡೆ ಸರಿಸಿದರು. “ನಾಳೆ ಮಿಲಿಂದ ನಗಬಾರದಂತ ಹೇಳಿದೆ, ಅಷ್ಟ. ನೀವು ಅಂಜಬ್ಯಾಡ್ರಿ. ಸಿಂಧನೂರಿಗೆ ಬಂದ ಪ್ರಿಂಟಿನಾಗ ಒಗದಿದ್ದ ಅಂತ ನಾ ಹೇಳ್ತೀನಿ. ಆಪರೇಟರ್ ಹೇಳಿದ್ರ ನಂಬತಾನ” ಎಂದರು. ಹುಟ್ಟಾ ಸುಳ್ಳಾಡದ ಮನುಷ್ಯ, ನಾಲ್ಕು ಜನರೆದುರು ತನ್ನನ್ನು ಹೀಗಳೆದವನ ಮರ್ಯಾದೆಗಾಗಿ ಒಂದು ಸುಳ್ಳನ್ನು ಸಿದ್ಧ ಮಾಡಿಕೊಂಡು ಬಂದಿದ್ದರು. ಬೇಡ ಎನ್ನಬೇಕಾಗಿತ್ತು. ನಾನು ಅವರ ಕೈ ಹಿಡಿದು, ನಿಜ ಹೇಳಬೇಕೆಂದರೆ, ಅಬ್ಬ ಎಂದು ನಿಟ್ಟುಸಿರು ಬಿಟ್ಟೆ.

ಮರುದಿನ, ಐತವಾರ, ಮೂವರೂ ನಮ್ಮ ಮನೆಯಲ್ಲಿ ಕೂತೆವು. ಶಾಂತಾ ಮಂಡಾಳು, ಅಂದರೆ ಮಂಡಕ್ಕಿ, ಒಗ್ಗರಣೆ ಮಾಡಿ ಕೊಟ್ಟು ತಾನೂ ಬಂದು ಬಾಗಿಲಿಗೆ ಒರಗಿ ಕೂತಳು. ಮುದುಕ ನಡೆಯತೊಡಗಿದ. ಮಿಲಿಂದ ಗಡಿಯಾರ ನೋಡುತ್ತ, “ಇನ್ನೂ ಹೊಲ ದಾಟಿಲ್ಲ... ಈಗ ಒಂದು ಕಲ್ಲು ದಾಟ್ಯಾನ” ಎಂದು ಅಳತೆ ಮಾಡುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ಅವನ ಅಳತೆ ನಿಂತುಹೋಯಿತು. ಅದು ಯಾಕೆ ನಿಂತಿತೆಂದು ನನಗೆ ಗೊತ್ತಾಗಲಿಲ್ಲ, ಯಾಕೆಂದರೆ ಅಷ್ಟರಲ್ಲಿ ನನಗೆ ನಿದ್ದೆ ಹತ್ತಿತ್ತು. ಹೌದು, ಮತ್ತೆ. ಖಾಜಾಸಾಬರ ಮೊಣಕಾಲು ಹೊಳೆ ಬರುವ ಹೊತ್ತಿಗೆ ಸರಿಯಾಗಿ ನನ್ನ ಪಕ್ಕೆಗೆ ತಾಗಿತು. ಯಾವ ರೀಲಿನಲ್ಲಿ ಏನು ಬರುತ್ತದೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಅಲ್ಲಿಂದ ಕೊನೆಯವರೆಗೂ ಕಣ್ಣು ಮಿಟುಕಿಸದೆ ನೋಡಿದೆ. ಮುದುಕ ಎದೆಮಟ್ಟದ ನೀರಿನಲ್ಲಿ ಕೈ ಮೇಲೆತ್ತಿ ನಡೆದು ಬರುವಾಗ ನನ್ನ ‘ಧುಡುಂ’ ನೆನಪಾಗಿ, ಎಲ್ಲಾದರೂ ಹೋಗಿ ಅಡಗಿಕೊಳ್ಳಬೇಕೆನಿಸಿತು.

ಚಿತ್ರ ಮುಗಿದ ಮೇಲೂ ಮಿಲಿಂದ ಎರಡು ನಿಮಿಷ ಟಿವಿಯನ್ನೇ ನೋಡುತ್ತಿದ್ದ. ಆಮೇಲೆ ಗಕ್ಕನೆ ತಿರುಗಿ, “ಲೇ, ಅಂವ ಒಗೀಲಿಲ್ಲಲ್ಲ!” ಎಂದ.

ಖಾಜಾಸಾಬ್ ಮುಖ ಗಂಭೀರ ಮಾಡಿಕೊಂಡು, “ಸಿಂಧನೂರಿಗೆ ಬಂದ ಪ್ರಿಂಟಿನಾಗ ಒಗದಿದ್ದ. ಎರಡು ಥರಾ ತಗದಿದ್ರು” ಎಂದರು. ಹೇಳಿದ ಮೇಲೆ ಅವರ ಕೈ ತಾನಾಗಿಯೇ ಅಂಗಿಯ ಮೇಲಿನ ಇಲ್ಲದ ಹಿಟ್ಟನ್ನು ಝಾಡಿಸಿತು. ನಾನು ಮಂಡಾಳಿನ ತಟ್ಟೆಯೊಳಗೆ ಕಡಲೆ ಹುಡುಕುತ್ತಿದ್ದೆ. ಶಾಂತಾ ನನ್ನನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ.

ಮಿಲಿಂದ ನಂಬಿದ. “ನಡಿಗಿ ಜಾಸ್ತಿ ಆತು. ಅರ್ಧ ತಾಸು ಕತ್ತರಿಸಬಹುದಿತ್ತು” ಎನ್ನುತ್ತ ಎದ್ದು ಚಪ್ಪಲಿ ಮೆಟ್ಟಿದ. ಬಾಗಿಲ ಹೊರಗೆ ಹೋದವನು ಮತ್ತೆ ಇಣುಕಿ, “ಇಲ್ಲ ಬಿಡು. ಕತ್ತರಿಸಬಾರದು” ಎಂದು ಹೇಳಿ ಹೋದ.

ಗೆದ್ದವನು ನಾನು. ಆದರೆ ಆ ವಾರವಿಡೀ ಆ ಕೈ ಹಿಟ್ಟು ಝಾಡಿಸಿದ್ದೇ ಕಣ್ಣೆದುರು ಬರುತ್ತಿತ್ತು. ಭಾಷಣ ಐದು ಪುಟ ಬರೆದೆ. ಅದರಲ್ಲಿ ಹೊಳೆಯನ್ನು ಜಾಣತನದಿಂದ ಬಳಸಿ ಹೋಗುವ ಒಂದು ವಾಕ್ಯವೂ ಇತ್ತು.

ಮುಂದಿನ ಐತವಾರ ಲಿಂಗಸುಗೂರಿನ ಸಭೆಯಲ್ಲಿ ನಲವತ್ತು ಜನರಿದ್ದರು. ಮಿಲಿಂದ, ಖಾಜಾಸಾಬ್ ಎರಡನೇ ಸಾಲಿನಲ್ಲಿ ಕೂತಿದ್ದರು. ಇಷ್ಟು ಸಿಂಗಾರವಾದ ಖಾಜಾಸಾಬರನ್ನು ನಾನು ಅಂದೇ ಮೊದಲು ನೋಡಿದ್ದು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ನನ್ನ ಭಾಷಣ ಕೇಳಲು ಹಬ್ಬಕ್ಕೆ ಬಂದವರಂತೆ ಬಂದಿದ್ದರು. ವೀರೇಶ ನನ್ನನ್ನು ‘ಈ ಚಿತ್ರವನ್ನು ನಮ್ಮ ಭಾಗದಲ್ಲಿ ಇವರಷ್ಟು ಆಳವಾಗಿ ನೋಡಿದವರಿಲ್ಲ’ ಎಂದು ಪರಿಚಯಿಸಿದ. ಖಾಜಾಸಾಬ್ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು. ಅದನ್ನು ನೋಡಿದ ಮೇಲೆ ಐದು ಪುಟದಲ್ಲಿ ಒಂದು ಅಕ್ಷರವೂ ಕಾಣಿಸದಾಯಿತು.

ಹಾಳೆ ಮಡಚಿ ಕಿಸೆಗೆ ಹಾಕಿ ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟೆ. ನಾನು ಈ ಚಿತ್ರವನ್ನು ಎರಡು ಸಲ ನೋಡಿದ್ದೇನೆ, ಎರಡು ಸಲವೂ ಮಲಗಿದ್ದೇನೆ. ಯಂತ್ರವನ್ನು ಹೊಳೆಗೆ ಎಸೆದವನು ಮುದುಕನಲ್ಲ, ನಾನು. ಇದನ್ನು ನಿಜವಾಗಿ ನೋಡಿದವರು ಎರಡನೇ ಸಾಲಿನಲ್ಲಿದ್ದಾರೆ. ಅವರಿಗೆ ಒಂದು ದಿನ ನಾನು ಸಿನಿಮಾ ತಿಳಿಯುವುದಿಲ್ಲ ಎಂದಿದ್ದೆ, ಅದಕ್ಕೆ ಕ್ಷಮೆ ಕೇಳುತ್ತೇನೆ. ಮೊದಲು ಯಾರೋ ಒಬ್ಬರು ನಕ್ಕರು, ಆಮೇಲೆ ಎಲ್ಲರೂ. ಮಿಲಿಂದ ಮಾತ್ರ ಖಾಜಾಸಾಬರ ಕಡೆ ತಿರುಗಿ, “ಅಂದ್ರ ಸಿಂಧನೂರಿನ ಪ್ರಿಂಟು?” ಎಂದ.

“ಒಂದ ಪ್ರಿಂಟು, ಒಂದ ಮುದುಕ. ಮಾಫ್ ಮಾಡಪಾ” ಎಂದರು ಖಾಜಾಸಾಬ್.

ಅವರನ್ನು ಬಲವಂತದಿಂದ ಮೈಕಿನ ಮುಂದೆ ನಿಲ್ಲಿಸಿದೆವು. ಅವರು ಗಿರಣಿಯ ದನಿಯಲ್ಲಿ “ನಮಸ್ಕಾರ್ರೀ!” ಎಂದ ರಭಸಕ್ಕೆ ಮೈಕು ಕಿರುಚಿಕೊಂಡಿತು. ಅದನ್ನು ಪಕ್ಕಕ್ಕೆ ಸರಿಸಿ ಹಾಗೆಯೇ ಮಾತಾಡಿದರು. “ನಮ್ಮ ಟಾಕೀಸಿಗೆ ಬ್ಯಾರೆ ಪಿಚ್ಚರಿನ ಪೆಟಗಿ ಬರಬೇಕಿತ್ತು. ಅದು ಬರಲಿಲ್ಲ, ಇದು ಬಂತು. ಮೂರು ದಿನ ಹಚ್ಚಿದ್ವಿ. ಮೊದಲನೇ ಶೋದಾಗ ಬೈದೆ. ಎರಡನೇದರಾಗ ಸುಮ್ಮನಾದೆ. ಮೂರನೇದರಾಗ ಅವನ ಜತಿ ನಾನೂ ನಡಿಯಾಕತ್ತೆ. ಕಡೀ ದಿನದ ಆಟಕ್ಕ ಮೂರು ಮಂದಿ ಬಂದಿದ್ರು, ಅರ್ಧಕ್ಕ ಅವರೂ ಎದ್ದು ಹೋದ್ರು. ಮಾಲಕರು ಬಂದು, ಬಂದ್ ಮಾಡೋ, ಯಾರಿಗೆ ತೋರಸಾಕತ್ತಿ ಅಂದ್ರು. ಮುದುಕ ಇನ್ನೂ ಮನಿ ಮುಟ್ಟಿಲ್ರೀ, ಹೆಂಗ ಬಂದ್ ಮಾಡಲಿ ಅಂದೆ. ಅವರೂ ನನ್ನ ಬಾಜೂಕ ನಿಂತು ಪೂರಾ ನೋಡಿದ್ರು. ಇದು ದೊಡ್ಡ ಪಿಚ್ಚರೋ ಸಣ್ಣದೋ, ನನಗ ಗೊತ್ತಿಲ್ಲ. ನಡುವ ಬಿಡಾಕ ಮನಸ್ಸಾಗಲಿಲ್ಲ, ಅಷ್ಟ.”

ಮಹಾನ್ ಚಿತ್ರಗಳು ಯಾಕೆ ಮಹಾನ್ ಎಂಬುದಕ್ಕೆ ಆ ಸಭೆಯಲ್ಲಿ ಇನ್ನೊಂದು ಭಾಷಣ ಬೇಕಾಗಲಿಲ್ಲ. ಚಹಾ ಕುಡಿಯುವಾಗ ವೀರೇಶ ನನ್ನನ್ನು ಮೂಲೆಗೆ ಎಳೆದ. ಅವನ ಮುಖ ಬಾಡಿತ್ತು. “ನಿನ್ನಿಂದ ಕೇಳಿ ಎಂಟು ವರ್ಷದಿಂದ ನಾನೂ ಕ್ಲಾಸಿನಾಗ ಒಗಸಾಕತ್ತೀನಲ್ಲೋ ಮಾರಾಯ. ಹಕ್ಕಿನೂ ಕೂಗಸೀನಿ!” ಎಂದ.

ಮಸ್ಕಿಗೆ ಹಿಂತಿರುಗುವ ಬಸ್ಸಿನಲ್ಲಿ ಮಿಲಿಂದ ಕಿಟಕಿಗೆ ತಲೆಯಿಟ್ಟು ಮಲಗಿದ್ದ. ನಾನು ಖಾಜಾಸಾಬರನ್ನು ಕೇಳಿದೆ, “ಇಷ್ಟು ವರ್ಷ ತಪ್ಪು ತಪ್ಪು ಹೇಳಿದೆನಲ್ಲ, ಹೆಂಗ ಕೇಳಿಕೊಂಡು ಇದ್ರಿ?” ಅವರು ಮಲಗಿದ್ದ ಮಿಲಿಂದನನ್ನು ಒಮ್ಮೆ ನೋಡಿ ನನ್ನ ಕಡೆ ಬಗ್ಗಿದರು. ನನ್ನ ಕಿವಿಗಷ್ಟೇ ಕೇಳುವಂತೆ ಅವರು ಮಾತಾಡಿದ್ದು ಅದೇ ಮೊದಲು. “ಸಿಂಧನೂರಿನಾಗ ಆ ಪಿಚ್ಚರ್ ಯಾರೂ ನೋಡಲಿಲ್ಲ. ಟಾಕೀಸೂ ಹೋತು, ಮಾಲಕರೂ ಹೋದ್ರು. ನೋಡಿದಾಂವ ನಾನೊಬ್ಬನ ಉಳದೀನಿ, ನನ್ನ ಜತಿಗೇ ಅದು ಹೋಗತೈತಿ ಅಂದ್ಕೊಂಡಿದ್ದೆ. ನೀವು ಗಿರಣಿ ಮುಂದ ಕೂತು ದಿನಾ ಅವನ ಸುದ್ದಿ ತಗೀತಿದ್ರಿ. ತಪ್ಪು ಹೇಳಿದ್ರೂ ಅವನ್ನ ನೆನಸೋರು ನೀವೊಬ್ಬರ ಇದ್ರಿ. ನಿಮ್ಮ ಬಾಯಿ ಹೆಂಗ ಮುಚ್ಚಸಲಿ?”

ಅಷ್ಟು ವರ್ಷ ಅವರು ನನ್ನ ಸುಳ್ಳನ್ನು ಉಪಕಾರವೆಂದು ಇಟ್ಟುಕೊಂಡಿದ್ದರು. ನಾನು ಅವರ ಮೌನವನ್ನು ಅಜ್ಞಾನವೆಂದು ಇಟ್ಟುಕೊಂಡಿದ್ದೆ. ಇಂಥ ಒಬ್ಬ ಮನುಷ್ಯನ ಗಿರಣಿ ನಮ್ಮ ಓಣಿಯ ತಿರುವಿನಲ್ಲೇ ಇದೆಯಲ್ಲ, ದಿನಾ ಅವರ ಕೈಯ ಹಿಟ್ಟಿನ ರೊಟ್ಟಿ ತಿನ್ನುತ್ತೇನಲ್ಲ ಎಂದು ಮನಸ್ಸು ತುಂಬಿ ಬಂತು.

ಮೊನ್ನೆ ಸಂಜೆ ಗಿರಣಿಯ ಮುಂದೆ ಮಿಲಿಂದ ಹೊಸ ತಕರಾರು ತಂದ. ಯಾವುದೋ ಪರದೇಶದ ಚಿತ್ರವಂತೆ, ಜಗತ್ತಿನಲ್ಲೇ ಎಲ್ಲಕ್ಕಿಂತ ದೊಡ್ಡದಂತೆ, ಪಂಡಿತರೆಲ್ಲ ಹಾಗೆ ಹೇಳುತ್ತಾರಂತೆ. “ಅದು ಹೆಂಗೈತಿ ಹೇಳು ಮಾಸ್ತರ” ಎಂದ. ನನ್ನ ದೃಷ್ಟಿ ಅಭ್ಯಾಸದಂತೆ ಅವನ ತಲೆಯ ಮೇಲಿಂದ ಒಂದು ಗೇಣು ಎತ್ತರಕ್ಕೆ ಹೊರಟಿತ್ತು. ಅದನ್ನು ಕಷ್ಟಪಟ್ಟು ಕೆಳಗಿಳಿಸಿ, “ನೋಡಿಲ್ಲ” ಎಂದೆ.

ಗಿರಣಿಯ ಸಪ್ಪಳದಲ್ಲಿ ಅವನಿಗೆ ಕೇಳಿಸಲಿಲ್ಲ. “ನೋಡಿಲ್ಲಪಾ, ನೋಡಿಲ್ಲ!” ಎಂದು ಓಣಿಗೆಲ್ಲ ಕೇಳುವಂತೆ ಎರಡು ಸಲ ಕೂಗಬೇಕಾಯಿತು. ಮಿಲಿಂದ ಗಾಬರಿಯಾಗಿ ಎದ್ದು ಬಂದು ನನ್ನ ಹಣೆ ಮುಟ್ಟಿ ನೋಡಿ, “ಖಾಜಾಸಾಬ್ರ, ಮಾಸ್ತರಗ ಜ್ವರ ಬಂದಾವೇನು ನೋಡ್ರಿ” ಎಂದ.